ಊನೊ, ಇಎಸ್‌ಪಿ32, ಬ್ಲೂ ಪಿಲ್, ಪಿಕೊ: ನಾಲ್ಕರಲ್ಲಿ ನನಗೆ ಒಗ್ಗಿದ್ದು ಪಿಕೊ

ಈ ನಾಲ್ಕೂ ಮೈಕ್ರೊಕಂಟ್ರೋಲರ್ ಬೋರ್ಡುಗಳು, ಅಂದರೆ ನಾವು ಬರೆದ ಪ್ರೋಗ್ರಾಂ ಓಡಿಸಿ ಸೆನ್ಸರ್, ಬಜರ್ ಇಂಥವನ್ನು ಆಡಿಸುವ ಪುಟ್ಟ ಕಂಪ್ಯೂಟರುಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಾಸ್ಪ್‌ಬೆರಿ ಪೈ ಪಿಕೊಗೆ. ಉಳಿದ ಮೂರು ಬೋರ್ಡುಗಳನ್ನೂ ತಂದು ನೋಡಿದ್ದೇನೆ, ಮೂರೂ ಕೆಲಸ ಮಾಡುತ್ತವೆ, ಯಾವುದನ್ನೂ ಎಸೆದಿಲ್ಲ. ಆದರೆ ರಾತ್ರಿ ಊಟ ಮುಗಿಸಿ ಮೇಜಿನ ಮುಂದೆ ಕೂತರೆ ಕೈ ಹೋಗುವುದು ಪಿಕೊ ಕಡೆಗೇ.

ನನ್ನ ಪರಿಸ್ಥಿತಿ ಇಷ್ಟು. ಮನೆ ದಾವಣಗೆರೆಯ ನಿಟ್ಟುವಳ್ಳಿ ಕಡೆ. ಎಲೆಕ್ಟ್ರಾನಿಕ್ಸ್ ನನಗೆ ಹೊಟ್ಟೆಪಾಡಲ್ಲ, ಹುಚ್ಚು. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ವಿಂಡೋಸ್ ಅದರಲ್ಲಿ ತೆವಳುತ್ತಿತ್ತು ಅಂತ ಉಬುಂಟು 22.04 ಅನ್ನುವ ಲಿನಕ್ಸ್ ಹಾಕಿದ್ದೇನೆ. ಬ್ಯಾಟರಿ ಹೆಸರಿಗೆ ಮಾತ್ರ. ಕರೆಂಟ್ ಹೋದರೆ ಲ್ಯಾಪ್‌ಟಾಪೂ ಹೋಯಿತು. ಮನೆಯಲ್ಲಿ ವೈಫೈ ಇಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಆ ಒಂದು ಗಂಟೆಯನ್ನು ಯಾವ ಬೋರ್ಡ್ ತಿಂದುಹಾಕುತ್ತದೆ, ಯಾವುದು ನನಗೆ ಬಿಟ್ಟುಕೊಡುತ್ತದೆ ಅನ್ನುವುದರ ಮೇಲೇ ನನ್ನ ಲೆಕ್ಕ. ಎಷ್ಟು ಮೆಗಾಹರ್ಟ್ಸ್, ಎಷ್ಟು ಪಿನ್ನು ಅನ್ನುವುದು ಡಬ್ಬಿಯ ಮೇಲೇ ಇರುತ್ತೆ, ನೋಡಿಕೊಳ್ಳಿ.

ಮಾಡಬೇಕಿದ್ದ ಕೆಲಸ ತೀರಾ ಚಿಕ್ಕದು. ನಲ್ಲಿ ನೀರು ಬಂದ ದಿನ ಸಂಪು ತುಂಬಿ ಉಕ್ಕುವ ಮೊದಲು ಬಜರ್ ಕೂಗಬೇಕು. ಹರಿಹರದ ಹತ್ತಿರ ರಾಜನಹಳ್ಳಿಯಿಂದ ಪಂಪ್ ಮಾಡಿ ತಂದ ತುಂಗಭದ್ರೆ ನೀರನ್ನು ರಸ್ತೆಗೆ ಬಿಟ್ಟರೆ ಅಕ್ಕಪಕ್ಕದವರು ಸುಮ್ನೆ ಇರ್ತಾರಾ? ಶಬ್ದ ಕಳಿಸಿ ಅದು ವಾಪಸ್ ಬರುವ ಹೊತ್ತಿನಿಂದ ದೂರ ಅಳೆಯುವ ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಬಜರ್, ಒಂದು ಬೋರ್ಡ್. ಅಷ್ಟೇ.

ಮೊದಲು ತಂದದ್ದು ಆರ್ಡುಯಿನೊ ಊನೊ ಕಿಟ್. ಅಸಲಿ ಊನೊ ಅಲ್ಲ, ಅದಕ್ಕೆ 2,000 ರೂಪಾಯಿ ಮೇಲಾಗುತ್ತೆ. ನನ್ನದು ನಕಲು. ಬೋರ್ಡ್ ಒಂದೇ ಆದರೆ 500 ರೂಪಾಯಿ ಆಸುಪಾಸು; ಬ್ರೆಡ್‌ಬೋರ್ಡ್ (ಸೋಲ್ಡರ್ ಇಲ್ಲದೆ ವೈರ್ ಚುಚ್ಚುವ ತೂತಿನ ಹಲಗೆ), ಜಂಪರ್ ವೈರ್, ಎಲ್‌ಇಡಿ, ಸೆನ್ಸರ್ ಎಲ್ಲ ಸೇರಿದ ಡಬ್ಬಿಗೆ ಅದರ ಎರಡು ಪಟ್ಟು. ಚುಚ್ಚಿದ ತಕ್ಷಣ 13ನೇ ಪಿನ್ನಿನ ದೀಪ ಮಿಣುಕಿತು. ಆದರೆ ಪ್ರೋಗ್ರಾಂ ಕಳಿಸೋಣ ಅಂತ ಆರ್ಡುಯಿನೊ ಸಾಫ್ಟ್‌ವೇರಿನ ಟೂಲ್ಸ್ ಮೆನು ತೆರೆದರೆ ಪೋರ್ಟ್ ಅನ್ನುವ ಸಾಲು ಮಂಕಾಗಿ ಕೂತಿದೆ. ಒತ್ತಿದರೂ ತೆರೆಯುವುದಿಲ್ಲ.

ವೈರ್ ಬದಲಾಯಿಸಿದೆ. ಲ್ಯಾಪ್‌ಟಾಪಿನ ಇನ್ನೊಂದು ಪಕ್ಕಕ್ಕೆ ಚುಚ್ಚಿದೆ. ರೀಸ್ಟಾರ್ಟ್ ಮಾಡಿದೆ. ಅಂಗಡಿಯವರಿಗೆ ಫೋನ್ ಮಾಡಿದರೆ "ಡ್ರೈವರ್ ಹಾಕಿ ಸಾರ್" ಅಂದರು. ಲಿನಕ್ಸಿನಲ್ಲಿ ಆ ಡ್ರೈವರ್ ಕರ್ನಲ್ ಅಂದರೆ ಅದರ ಮೂಲ ಭಾಗದ ಒಳಗೇ ಇರುತ್ತೆ, ಹಾಕುವುದಕ್ಕೆ ಏನೂ ಇಲ್ಲ. ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದುವ ಅಕ್ಕನ ಮಗ ಭಾನುವಾರ ಬಂದಿದ್ದ. ತನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿದ, ಪೋರ್ಟ್ ಚಕ್ ಅಂತ ಬಂತು. "ಬೋರ್ಡ್ ಚೆನ್ನಾಗೇ ಐತಲ್ಲ ಮಾಮ, ನಿಮ್ ಲ್ಯಾಪ್‌ಟಾಪೇ ಸರಿ ಇಲ್ಲ" ಅಂದ. ಅವನು ಹೇಳಿದ್ದರಲ್ಲಿ ಅರ್ಧ ನಿಜ.

ಟರ್ಮಿನಲ್ಲಿನಲ್ಲಿ ಕರ್ನಲ್ ಲಾಗ್ ಓಡಲು ಬಿಟ್ಟು ಬೋರ್ಡ್ ಚುಚ್ಚಿ ನೋಡಿದಾಗ ವಿಷಯ ಗೊತ್ತಾಯಿತು. ಮೊದಲ ಸಾಲು: ಸಿಎಚ್341 ಚಿಪ್ ಸಿಕ್ಕಿತು, ಟಿಟಿವೈ ಯುಎಸ್‌ಬಿ 0 ಅಂತ ಪೋರ್ಟ್ ಕೊಟ್ಟಿದ್ದೇನೆ. ಅದರ ಬೆನ್ನಿಗೇ ಇನ್ನೊಂದು ಸಾಲು: ಪೋರ್ಟ್ ಬಿಟ್ಟುಹೋಯಿತು. ನಡುವೆ ಒಂದು ಹೆಸರು, ಬಿಆರ್‌ಎಲ್‌ಟಿಟಿವೈ. ಪೋರ್ಟ್ ಹುಟ್ಟುತ್ತಲೇ ಇದು ಬಂದು ಕಿತ್ತುಕೊಳ್ಳುತ್ತಿತ್ತು.

ಈ ಬಿಆರ್‌ಎಲ್‌ಟಿಟಿವೈ ಕೆಟ್ಟ ಸಾಫ್ಟ್‌ವೇರ್ ಏನಲ್ಲ. ಕಣ್ಣು ಕಾಣದವರು ಬೆರಳಲ್ಲಿ ಮುಟ್ಟಿ ಓದುವ ಬ್ರೈಲ್ ಡಿಸ್‌ಪ್ಲೇಗಳನ್ನು ಕಂಪ್ಯೂಟರಿಗೆ ಜೋಡಿಸುವುದು ಅದರ ಕೆಲಸ. ತೊಂದರೆ ಎಲ್ಲಿ ಅಂದರೆ, ನಕಲಿ ಊನೊಗಳಲ್ಲಿ ಯುಎಸ್‌ಬಿಗೆ ಅಂತ ಹಾಕುವ ಸಿಎಚ್340 ಚಿಪ್ಪಿನ (ಲಾಗಿನಲ್ಲಿ ಕಂಡ ಸಿಎಚ್341 ಅದರ ಡ್ರೈವರಿನ ಹೆಸರು) ಗುರುತಿನ ನಂಬರ್ 1ಎ86:7523. ಒಂದು ಬ್ರೈಲ್ ಯಂತ್ರದ ನಂಬರೂ ಅದೇ. ಉಬುಂಟು 22.04ರಲ್ಲಿ ಇರುವ ನಿಯಮದ ಪ್ರಕಾರ ಈ ನಂಬರ್ ಕಂಡರೆ ಅದು ಬ್ರೈಲ್ ಯಂತ್ರ. ಪಾಪ, ಊನೊ ಬಂದರೂ ಅದು ಬ್ರೈಲ್ ಅಂತಲೇ ಹಿಡಿದುಕೊಳ್ಳುತ್ತೆ. ಅಸಲಿ ಊನೊದಲ್ಲಿ ಆ ಜಾಗದಲ್ಲಿ ಬೇರೆ ಚಿಪ್ ಇದೆ, ಎಟಿಮೆಗಾ16ಯು2. ಅದಕ್ಕೆ ಈ ಗೋಳಿಲ್ಲ.

ಪರಿಹಾರ ಒಂದು ಸಾಲು: ಆಪ್ಟ್ ರಿಮೂವ್ ಕೊಟ್ಟು ಬಿಆರ್‌ಎಲ್‌ಟಿಟಿವೈ ತೆಗೆದುಹಾಕುವುದು. ಮನೆಯಲ್ಲಿ ಯಾರಾದರೂ ಬ್ರೈಲ್ ಬಳಸುವವರಿದ್ದರೆ ಹಾಗೆ ಮಾಡಬೇಡಿ. ಯಾವ ಯಂತ್ರ ಚುಚ್ಚಿದರೆ ಏನಾಗಬೇಕು ಅಂತ ಹೇಳುವ ಯುಡೆವ್ ನಿಯಮಗಳ ಫೈಲಿನಲ್ಲಿ ಆ ನಂಬರಿನ ಸಾಲಿಗೆ ಮಾತ್ರ ಮುಂದೆ ಹ್ಯಾಶ್ ಗುರುತು ಹಾಕಿ, ಆಗ ಆ ಸಾಲು ಕೆಲಸ ಮಾಡುವುದಿಲ್ಲ. ನಾನು ಬಿಆರ್‌ಎಲ್‌ಟಿಟಿವೈ ತೆಗೆದು ಬೋರ್ಡ್ ಮತ್ತೆ ಚುಚ್ಚಿದೆ, ಪೋರ್ಟ್ ಬಂತು. ಅಪ್‌ಲೋಡ್ ಒತ್ತಿದೆ, ಪರ್ಮಿಷನ್ ಇಲ್ಲ ಅಂತು! ಅದಕ್ಕೆ ಡಯಲ್‌ಔಟ್ ಅನ್ನುವ ಗುಂಪಿಗೆ ನಮ್ಮ ಹೆಸರು ಸೇರಿಸಬೇಕು, ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕು. ಕಿಟ್ ಜೊತೆ ಬಂದ ಬಣ್ಣದ ಪುಸ್ತಕದಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಅದು ವಿಂಡೋಸ್ ಬಿಟ್ಟು ಬೇರೇನೂ ಇದೆ ಅಂತಲೇ ಒಪ್ಪುವುದಿಲ್ಲ.

ಆ ಕಾಟ ಮುಗಿದ ಮೇಲೆ ಊನೊ ನಿಜಕ್ಕೂ ಗಟ್ಟಿ. 5 ವೋಲ್ಟಿನ ಬೋರ್ಡ್, ಹಾಗಾಗಿ ಅಲ್ಟ್ರಾಸಾನಿಕ್ ಸೆನ್ಸರ್ ನೇರವಾಗಿ ಜೋಡಿಸಬಹುದು. ಉದ್ದ ಚಿಪ್ ಇರುವ ಮಾದರಿ ತಗೊಂಡರೆ, ಚಿಪ್ ಸುಟ್ಟರೂ ಸಾಕೆಟ್ಟಿನಿಂದ ಕಿತ್ತು ಹೊಸದು ಹಾಕಬಹುದು. ಪ್ರಿಂಟರ್ ವೈರೇ ಇದಕ್ಕೂ ಆಗುತ್ತೆ. 0 ಮತ್ತು 1ನೇ ಪಿನ್ನಿಗೆ ಏನನ್ನೂ ಸಿಕ್ಕಿಸಬೇಡಿ, ಅಪ್‌ಲೋಡ್ ಆಗುವುದೂ ಅದೇ ದಾರಿಯಲ್ಲಿ.

ಇಎಸ್‌ಪಿ32 ತಂದದ್ದು ಎಲ್ಲರೂ ಹೊಗಳುತ್ತಾರೆ ಅಂತ. ಹೊಗಳುವುದರಲ್ಲಿ ತಪ್ಪಿಲ್ಲ. ಊನೊಗಿಂತ ಕಡಿಮೆ ದುಡ್ಡಿಗೆ ವೈಫೈ, ಬ್ಲೂಟೂತ್ ಎರಡೂ ಸಿಗುತ್ತೆ. ಆದರೆ ಆರ್ಡುಯಿನೊ ಸಾಫ್ಟ್‌ವೇರಿಗೆ ಇದರ ಬೋರ್ಡ್ ಪ್ಯಾಕೇಜ್ ಇಳಿಸಿಕೊಳ್ಳಬೇಕು, ಅದು ನೂರಾರು ಎಂಬಿ. ಹಾಟ್‌ಸ್ಪಾಟಿನಲ್ಲಿ ದಿನದ ಡೇಟಾದ ದೊಡ್ಡ ಪಾಲು ಅಲ್ಲೇ ಖಾಲಿ. ಆಮೇಲೆ ಕಂಪೈಲ್, ಅಂದರೆ ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ಅರ್ಥವಾಗುವ ರೂಪಕ್ಕೆ ಬದಲಿಸುವುದು. ಊನೊದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ ನನ್ನ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಎದ್ದು ಹೋಗಿ ನೀರು ಕುಡಿದು ಬರುವಷ್ಟು ಹೊತ್ತು. ನಡುವೆ ಕರೆಂಟ್ ಹೋದರೆ ಮೊದಲಿಂದ.

ಕಂಪೈಲ್ ಮುಗಿದು "ಕನೆಕ್ಟಿಂಗ್" ಅಂತ ಬಂದು ಚುಕ್ಕಿ ಚುಕ್ಕಿ ಸಾಲು ಬೆಳೆಯುತ್ತಾ ಹೋಗುತ್ತೆ. ಕೊನೆಗೆ ಪ್ಯಾಕೆಟ್ ಹೆಡರ್ ಬರಲಿಲ್ಲ, ಟೈಮ್ ಔಟ್ ಅನ್ನುತ್ತೆ. ಚುಕ್ಕಿ ಶುರುವಾದ ಕೂಡಲೇ ಬೋರ್ಡಿನ ಮೇಲಿನ ಬೂಟ್ ಬಟನ್ ಒತ್ತಿ ಹಿಡಿದರೆ ಹೋಗುತ್ತೆ. ಇಎನ್ ಪಿನ್ನಿಗೂ ಗ್ರೌಂಡಿಗೂ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ಹಾಕಿದ ಮೇಲೆ ನನ್ನದು ಬಟನ್ ಇಲ್ಲದೇ ಹೋಗುತ್ತಿದೆ. ಎಲ್ಲ ಬೋರ್ಡಿಗೂ ಈ ರೋಗ ಇಲ್ಲ, ನನಗೆ ಸಿಕ್ಕಿದ್ದಕ್ಕೆ ಇತ್ತು.

ಪಿನ್ನುಗಳ ವಿಷಯದಲ್ಲೂ ಇದು ಸ್ವಲ್ಪ ಜಗಳಗಂಟಿ. 34ರಿಂದ ಮುಂದಿನವು ಇನ್‌ಪುಟ್ ಮಾತ್ರ, ಅವುಗಳಿಂದ ಬಜರ್ ಕೂಗಿಸಲು ಆಗುವುದಿಲ್ಲ. 6ರಿಂದ 11ರವರೆಗಿನವು ಫ್ಲ್ಯಾಶ್ ಮೆಮೊರಿಯದು, ಮುಟ್ಟುವ ಹಾಗಿಲ್ಲ. 12ನೆಯದನ್ನು ಯಾವುದಾದರೂ ಸೆನ್ಸರ್ ಮೇಲಕ್ಕೆ (ಹೈ ವೋಲ್ಟೇಜಿಗೆ) ಎಳೆದು ಹಿಡಿದಿದ್ದರೆ ಬೋರ್ಡ್ ಶುರುವೇ ಆಗದೆ ಕೂರಬಹುದು. ಬೋರ್ಡ್ ಅಗಲ ಜಾಸ್ತಿ, ಬ್ರೆಡ್‌ಬೋರ್ಡಿನಲ್ಲಿ ಕೂರಿಸಿದರೆ ಪಕ್ಕದಲ್ಲಿ ವೈರ್ ಚುಚ್ಚಲು ಜಾಗ ಉಳಿಯುವುದಿಲ್ಲ. ಮನೆಯಲ್ಲಿ ವೈಫೈ ಇದ್ದು, ಸಂಪಿನ ಲೆಕ್ಕ ಫೋನಿಗೇ ಬರಬೇಕು ಅನ್ನುವವರು ಇಷ್ಟನ್ನೂ ಸಹಿಸಿಕೊಂಡು ಇದನ್ನೇ ತಗೊಳ್ಳಿ. 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತೆ, ರೂಟರಿನಲ್ಲಿ ಅದು ಆನ್ ಇರಲಿ.

ಬ್ಲೂ ಪಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಸ್‌ಟಿಎಂ32ಎಫ್103 ಚಿಪ್ಪಿನ ನೀಲಿ ಬೋರ್ಡ್ ಅದು. ಅಗ್ಗ, ಆದರೆ ಎಸ್‌ಟಿ-ಲಿಂಕ್ ಅನ್ನುವ ಪ್ರೋಗ್ರಾಮರ್ (ಚಿಪ್ಪಿಗೆ ಪ್ರೋಗ್ರಾಂ ತುಂಬುವ ಸಾಧನ) ಬೇರೆ ಕೊಳ್ಳಬೇಕು. ಎರಡೂ ಸೇರಿದರೆ ಅಗ್ಗ ಅನ್ನುವ ಮಾತು ಅಲ್ಲಿಗೇ ಮುಗಿಯಿತು. ನಕಲಿ ಎಸ್‌ಟಿ-ಲಿಂಕಿನಲ್ಲಿ ಪಿನ್ನುಗಳ ಸಾಲು ಒಂದರಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರಲ್ಲ, ಅದರ ಮೈಮೇಲೆ ಅಚ್ಚಾಗಿರುವುದನ್ನು ನೋಡಿಯೇ ಜೋಡಿಸಿ. ನನಗೆ ಸಿಕ್ಕ ಚಿಪ್ಪೂ ನಕಲಿ. ಚಿಪ್ಪಿನ ಜೊತೆ ಮಾತಾಡುವ ಓಪನ್‌ಒಸಿಡಿ ಸಾಫ್ಟ್‌ವೇರ್ ಕೇಳಿದ ಐಡಿ 1ಬಿಎ01477, ಚಿಪ್ ಕೊಟ್ಟದ್ದು 2ಬಿಎ01477. ಸೆಟ್ಟಿಂಗ್ ಬದಲಿಸಿ ಸಮಾಧಾನ ಮಾಡಬಹುದು, ಮಾಡಿದೆ. ಒಂದು ಒಳ್ಳೆ ಮಾತು ಹೇಳಲೇಬೇಕು. ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ, ಒಂದೊಂದೇ ಸಾಲು ಓಡಿಸಿ, ಯಾವ ವೇರಿಯಬಲ್ಲಿನಲ್ಲಿ ಏನಿದೆ ಅಂತ ನೋಡುವ ಸುಖ ನನ್ನ ನಾಲ್ಕು ಸೆಟ್ಟಿನಲ್ಲಿ ಇದರಲ್ಲಿ ಮಾತ್ರ ಇದೆ. ಇದನ್ನೇ ಕೆಲಸವಾಗಿ ಮಾಡಿಕೊಳ್ಳುವ ಹುಡುಗರು ಕಲಿಯಬೇಕಾದದ್ದು ಇದು. ನನಗೆ ಬೇಕಾದದ್ದು ಬಜರ್.

ಈಗ ಪಿಕೊ. ಇದಕ್ಕೆ ಕೊಟ್ಟದ್ದು 400 ರೂಪಾಯಿ ಒಳಗೆ. ಬೂಟ್‌ಸೆಲ್ ಅನ್ನುವ ಬಿಳಿ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪಿಗೆ ಚುಚ್ಚಿದರೆ ಆರ್‌ಪಿಐ-ಆರ್‌ಪಿ2 ಅಂತ ಒಂದು ಡ್ರೈವ್ ತೆರೆಯುತ್ತೆ. ಮೈಕ್ರೊಪೈಥಾನ್‌ನ (ಇಂಥ ಚಿಕ್ಕ ಬೋರ್ಡುಗಳಿಗೆ ಅಂತ ಮಾಡಿದ ಪೈಥಾನ್ ಭಾಷೆ) ಯುಎಫ್2 ಫೈಲನ್ನು ಅದರೊಳಗೆ ಎಳೆದು ಹಾಕಬೇಕು, ಪೆನ್‌ಡ್ರೈವಿಗೆ ಹಾಡು ಹಾಕಿದ ಹಾಗೆ. ಹಾಕಿದ ಕೂಡಲೇ ಡ್ರೈವ್ ತಾನಾಗೇ ಮಾಯವಾಗುತ್ತೆ. ಕೆಲವು ಸಲ ಕಂಪ್ಯೂಟರ್ ಎರರ್ ಕೂಡ ತೋರಿಸುತ್ತೆ. ಗಾಬರಿ ಬೇಡ, ಅದು ಆಗಬೇಕಾದ್ದೇ. ಈ ಬಟನ್ನಿನ ಕೆಲಸ ಮಾಡುವ ಕೋಡ್ ಚಿಪ್ಪಿನ ರಾಮ್ (ಆರ್‌ಒಎಂ) ಒಳಗೆ, ಅಳಿಸಲಾಗದ ಜಾಗದಲ್ಲಿದೆ. ಹಾಗಾಗಿ ಎಷ್ಟೇ ಕೆಟ್ಟ ಪ್ರೋಗ್ರಾಂ ಹಾಕಿದರೂ ಬಟನ್ ಒತ್ತಿ ಮತ್ತೆ ಶುರು ಮಾಡಬಹುದು. ಪ್ರೋಗ್ರಾಮರ್ ಬೇಡ, ಡ್ರೈವರ್ ಬೇಡ. ಉಬುಂಟುವಿನಲ್ಲಿ ಡಯಲ್‌ಔಟ್ ಗುಂಪು ಇದಕ್ಕೂ ಬೇಕು, ಅದು ಊನೊ ಕಾಲದಲ್ಲೇ ಆಗಿತ್ತು.

ಒಮ್ಮೆ ಮೈಕ್ರೊಪೈಥಾನ್ ಕೂತಿತು ಅಂದರೆ ಆ ಬಟನ್ ತಂಟೆಗೆ ಮತ್ತೆ ಹೋಗಬೇಕಾಗಿಲ್ಲ. ಥಾನ್ನಿ ಅನ್ನುವ ಪೈಥಾನ್ ಬರೆಯುವ ಸಾಫ್ಟ್‌ವೇರ್ ತೆರೆದು, ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ದೀಪ ಹತ್ತಿತು. ಕಂಪೈಲ್ ಅನ್ನುವ ಮಾತೇ ಇಲ್ಲ. ನನ್ನ ಹಳೇ ಲ್ಯಾಪ್‌ಟಾಪಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇದರ ಬೆಲೆ ಗೊತ್ತಾದದ್ದು ಸಂಪಿನ ಹತ್ತಿರ. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಲ್ಯಾಪ್‌ಟಾಪನ್ನು ಮೆಟ್ಟಿಲ ಮೇಲಿಟ್ಟು, ಸಂಪಿನ ಮುಚ್ಚಳದ ಸಂದಿಯಲ್ಲಿ ಸೆನ್ಸರ್ ಇಳಿಬಿಟ್ಟೆ. ನೀರು ಏರುತ್ತಿತ್ತು. ಪರದೆಯಲ್ಲಿ ಸೆನ್ಸರಿನಿಂದ ನೀರಿಗೆ ಇರುವ ದೂರ: 64, 63, 63, 21, 62. ಆ 21 ಎಲ್ಲಿಂದ ಬಂತು? ಸೆನ್ಸರಿನ ಶಬ್ದ ನೀರಿಗೆ ಮುಟ್ಟುವ ಮೊದಲೇ ನಲ್ಲಿಯ ಪೈಪಿಗೆ ಬಡಿದು ವಾಪಸ್ ಬರುತ್ತಿತ್ತು. ಸೆನ್ಸರನ್ನು ಎರಡು ಬೆರಳು ಆಚೆ ಸರಿಸಿದೆ, ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಅಲ್ಲೇ ಕೂತು ಐದು ಸಲ ಅಳೆದು ನಡುವಿನ ಅಳತೆ ಮಾತ್ರ ಇಟ್ಟುಕೊಳ್ಳುವ ಹಾಗೆ ಎರಡು ಸಾಲು ಸೇರಿಸಿ ಓಡಿಸಿದೆ. 59, 59, 58. ನೀರು ಕಾಯುವುದಿಲ್ಲ ಅಲ್ವಾ? ಇಎಸ್‌ಪಿ32 ಜೊತೆ ಕೂತಿದ್ದರೆ ಕಂಪೈಲ್ ಮುಗಿಯುವಷ್ಟರಲ್ಲಿ ಸಂಪೇ ತುಂಬಿರುತ್ತಿತ್ತು. ಊನೊದಲ್ಲೂ ಆಗುತ್ತಿತ್ತು ಅನ್ನಿ, ಪ್ರತಿ ಸಲ ಅಪ್‌ಲೋಡ್ ಮಾಡಿ ಮತ್ತೆ ಸೀರಿಯಲ್ ಮಾನಿಟರ್ ನೋಡುತ್ತಾ.

ಪಿಕೊದಲ್ಲೂ ಕಿರಿಕಿರಿ ಇವೆ. ಇದು 3.3 ವೋಲ್ಟಿನ ಬೋರ್ಡ್. ನನ್ನ ಹತ್ತಿರ ಇದ್ದ ಎಚ್‌ಸಿ-ಎಸ್‌ಆರ್04 ಸೆನ್ಸರ್ 5 ವೋಲ್ಟಿನದು, ಅದರ ಎಕೊ ಪಿನ್ನು ನೇರ ಕೊಟ್ಟರೆ ಪಿಕೊಗೆ ಪೆಟ್ಟು. ನಡುವೆ 1ಕೆ, 2ಕೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಬೇಕು. ಸೆನ್ಸರಿಗೆ ಬೇಕಾದ 5 ವೋಲ್ಟ್ ವಿಬಸ್ ಅನ್ನುವ 40ನೇ ಪಿನ್ನಿನಲ್ಲಿ ಸಿಗುತ್ತೆ. ಪಿನ್ನುಗಳ ಹೆಸರುಗಳು ಬೋರ್ಡಿನ ಹಿಂಭಾಗದಲ್ಲಿ ಅಚ್ಚಾಗಿವೆ, ಬ್ರೆಡ್‌ಬೋರ್ಡಿಗೆ ಕೂರಿಸಿದ ಮೇಲೆ ಒಂದೂ ಕಾಣುವುದಿಲ್ಲ. ಚಿತ್ರ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ. ಮೈಕ್ರೊ ಯುಎಸ್‌ಬಿ ವೈರ್ ಮನೆಯಲ್ಲಿ ರಾಶಿ ಬಿದ್ದಿರುತ್ತವೆ, ಆದರೆ ಎಷ್ಟೋ ವೈರುಗಳು ಬರೀ ಚಾರ್ಜಿಗೆ, ಡೇಟಾ ಹೋಗಲ್ಲ. ಹಳೇ ಫೋನಿನಿಂದ ಫೋಟೊ ಕಾಪಿ ಮಾಡುತ್ತಿದ್ದ ವೈರ್ ಇದ್ದರೆ ಅದನ್ನೇ ಹಿಡಿಯಿರಿ. ಪ್ರೋಗ್ರಾಂ ತಾನಾಗೇ ಶುರುವಾಗಬೇಕು ಅಂದರೆ ಬೋರ್ಡಿನೊಳಗೆ ಮೇನ್ ಡಾಟ್ ಪಿವೈ ಅನ್ನುವ ಹೆಸರಿನಲ್ಲೇ ಉಳಿಸಬೇಕು, ಬೇರೆ ಹೆಸರಾದರೆ ಲ್ಯಾಪ್‌ಟಾಪ್ ತೆಗೆದ ಮೇಲೆ ಬಜರ್ ಸುಮ್ನೆ ಕೂರುತ್ತೆ.

ಸಂಪಿನ ತೇವಕ್ಕೆ ಆ ಬೆಳ್ಳಿ ಕಣ್ಣಿನ ಸೆನ್ಸರ್ ಬಾಳಿಕೆ ಬರುವುದಿಲ್ಲ. ನೀರು ತಡೆಯುವ ಜೆಎಸ್‌ಎನ್ ಮಾದರಿ ಸಿಗುತ್ತೆ, ದುಡ್ಡು ಜಾಸ್ತಿ. ಅದು ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರ ಇದ್ದದ್ದನ್ನು ಅಳೆಯಲ್ಲ, ಹಾಗಾಗಿ ನೀರು ಮುಚ್ಚಳದಿಂದ ಅಷ್ಟು ಕೆಳಗೆ ಇರುವಾಗಲೇ ಬಜರ್ ಕೂಗುವ ಹಾಗೆ ಇಡಬೇಕು.

ಅಕ್ಕನ ಮಗನಿಗೆ ಊನೊ ಕಿಟ್ ಕೊಟ್ಟೆ, ಅವನದು ಹೇಗೂ ವಿಂಡೋಸ್. ವೈಫೈ ಇರುವವರು ಪಿಕೊ ಡಬ್ಲ್ಯು ನೋಡಬಹುದು, 2022ರಲ್ಲಿ ಬಂದದ್ದು. ಹಳೇ ಪಿಕೊದಲ್ಲಿ ದೀಪ 25ನೇ ಜಿಪಿಐಒದಲ್ಲಿತ್ತು (ಕೋಡಿನಲ್ಲಿ ಬರೆಯುವ ಪಿನ್ ನಂಬರ್), ಡಬ್ಲ್ಯುನಲ್ಲಿ ಅದನ್ನು ವೈಫೈ ಚಿಪ್ಪಿಗೆ ಜೋಡಿಸಿದ್ದಾರೆ. ಹಳೇ ಕೋಡ್ ಹಾಕಿ ದೀಪ ಹತ್ತಲಿಲ್ಲ ಅಂತ ಬೋರ್ಡ್ ವಾಪಸ್ ಕೊಡಬೇಡಿ, 25ರ ಜಾಗದಲ್ಲಿ ಎಲ್‌ಇಡಿ ಅಂತ ಹೆಸರು ಬರೆಯಿರಿ. ಕೊಳ್ಳುವಾಗ ಪಿಕೊ ಎಚ್ ಅಂತ ಕೇಳಿ, ಅದರಲ್ಲಿ ಪಿನ್ನು ಸೋಲ್ಡರ್ ಆಗಿಯೇ ಬರುತ್ತೆ. ಬರೀ ಪಿಕೊ ಸಿಕ್ಕಿದರೆ 40 ಪಿನ್ನನ್ನು ಸಾಲಾಗಿ ಸೋಲ್ಡರ್ ಮಾಡಬೇಕು. ಸೋಲ್ಡರಿಂಗ್ ಐರನ್ ಇಲ್ಲದವರು ಟಿವಿ ರಿಪೇರಿಯವರ ಹತ್ತಿರ ಒಯ್ದರೆ ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತಾರೆ.