ದುಬಾರಿ ಡ್ಯಾಕ್: ಒಂದೂವರೆ ತಿಂಗಳು ಕೇಳಿದ ಮೇಲೆ

ಕಡತದಲ್ಲಿ ಅಂಕಿಗಳಾಗಿ ಕೂತಿರುವ ಸಂಗೀತವನ್ನು ಆಂಪ್ಲಿಫೈಯರ್ ವರ್ಧಿಸಬಲ್ಲ ವಿದ್ಯುತ್ ಅಲೆಯನ್ನಾಗಿ ಮಾಡುವ ಸಾಧನವೇ ಡಿಜಿಟಲ್-ಅನಲಾಗ್ ಪರಿವರ್ತಕ. ಬಳಸುವವರ ಬಾಯಲ್ಲಿ ಡ್ಯಾಕ್. ಸದ್ದು ಹೊರಡಿಸುವ ಪ್ರತಿಯೊಂದು ಟಿವಿಯಲ್ಲೂ ಲ್ಯಾಪ್‌ಟಾಪಿನಲ್ಲೂ ಅದು ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನೇ ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿಟ್ಟು, ಉಳಿದ ಇಡೀ ವ್ಯವಸ್ಥೆಯ ಬೆಲೆಗೆ ಮಾರುವುದೂ ಉಂಟು. ಅಂಥ ಒಂದು ಪೆಟ್ಟಿಗೆಯನ್ನು ಒಂದೂವರೆ ತಿಂಗಳು ಮನೆಯಲ್ಲಿಟ್ಟುಕೊಂಡು, ಅದರ ಹತ್ತನೆಯ ಒಂದು ಪಾಲು ಬೆಲೆಯ ಸಾಧಾರಣ ಡ್ಯಾಕ್ ಮತ್ತು ಬೆರಳುದ್ದದ ಒಂದು ಯುಎಸ್‌ಬಿ ಡಾಂಗಲ್ ಜೊತೆಗೆ ಹೋಲಿಸಿ ಕೇಳಿದ್ದರ ವರದಿ ಇದು.

ಮೊದಲ ವಾರ ದುಬಾರಿ ಪೆಟ್ಟಿಗೆಯೇ ಗೆದ್ದಿತು. ಗಾಯಕಿಯ ದನಿ ಸ್ವಲ್ಪ ಮುಂದೆ ಬಂದು ನಿಂತಂತೆ, ಡಬಲ್ ಬಾಸ್‌ನ ತಂತಿಗೆ ಮೈ ತುಂಬಿಕೊಂಡಂತೆ ಕೇಳಿಸಿತು, ನಾನು ಹಾಗೆಂದು ಟಿಪ್ಪಣಿಯನ್ನೂ ಬರೆದಿಟ್ಟೆ. ಎರಡನೆಯ ವಾರ ಮಲ್ಟಿಮೀಟರ್ ತಂದು, 100 ಹರ್ಟ್ಸ್‌ನ ಶುದ್ಧ ಸ್ವರವನ್ನು ನುಡಿಸಿ, ಮೂರರ ಹೊರಹರಿವನ್ನು ಅಳೆದಾಗ ಆ ಟಿಪ್ಪಣಿಯ ಗುಟ್ಟು ತಿಳಿಯಿತು. ಗರಿಷ್ಠ ಮಟ್ಟದಲ್ಲಿ ಸಾಧಾರಣ ಡ್ಯಾಕ್ 2 ವೋಲ್ಟ್ ಕೊಡುತ್ತಿದ್ದರೆ ದುಬಾರಿಯದು 2.3 ವೋಲ್ಟ್ ಕೊಡುತ್ತಿತ್ತು, ಡಾಂಗಲ್ ಕೇವಲ 1 ವೋಲ್ಟ್. ಲೆಕ್ಕಕ್ಕೆ ಇಳಿಸಿದರೆ ದುಬಾರಿ ಪೆಟ್ಟಿಗೆ ಸಾಧಾರಣದ್ದಕ್ಕಿಂತ ಸುಮಾರು 1.2 ಡೆಸಿಬೆಲ್ ಜೋರು. ಇಷ್ಟು ಸಣ್ಣ ಅಂತರವನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ. ‘ತುಂಬಿದೆ’, ‘ಸ್ಪಷ್ಟವಾಗಿದೆ’, ‘ಜೀವಂತವಾಗಿದೆ’ ಎಂದು ಗುರುತಿಸುತ್ತದೆ. ಎರಡು ಸಾಧನಗಳ ನಡುವಿನ ಮಟ್ಟವನ್ನು 0.1 ಡೆಸಿಬೆಲ್ ಒಳಗೆ ಸರಿಹೊಂದಿಸದೆ ಬರೆದ ವಿಮರ್ಶೆಗಳನ್ನು, ನನ್ನ ಮೊದಲ ವಾರದ ಟಿಪ್ಪಣಿಯೂ ಸೇರಿದಂತೆ, ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಮಟ್ಟ ಸರಿಮಾಡಿಕೊಂಡ ಬಳಿಕ ಮನೆಯವರೊಬ್ಬರನ್ನು ಸ್ವಿಚ್ಚಿನ ಬಳಿ ಕೂರಿಸಿ, ಯಾವ ಪೆಟ್ಟಿಗೆ ನುಡಿಯುತ್ತಿದೆ ಎಂಬುದು ನನಗೆ ಕಾಣದಂತೆ ಪರದೆ ಹಾಕಿ, ನಾಣ್ಯ ಚಿಮ್ಮಿ ಸರದಿ ನಿರ್ಧರಿಸಿ ಕೇಳಿದೆ. ಒಂದೊಂದು ಜೋಡಿಗೆ 16 ಸುತ್ತು. ಬರಿಯ ಊಹೆಯಿಂದಲೇ 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ 4ರಷ್ಟೂ ಇಲ್ಲದ್ದರಿಂದ 12ನ್ನು ಗೆರೆಯಾಗಿಟ್ಟುಕೊಂಡೆ. ದುಬಾರಿ ಮತ್ತು ಸಾಧಾರಣದ ನಡುವೆ ನನಗೆ ಸಿಕ್ಕಿದ್ದು 9, ದುಬಾರಿ ಮತ್ತು ಡಾಂಗಲ್ ನಡುವೆ 7. ಪರದೆಯ ಈಚೆ ಕೂತಾಗ ಆ ಮುಂದೆ ಬಂದು ನಿಂತ ಗಾಯಕಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಇದು ನನ್ನ ಕಿವಿಯ ಮಂದತನವಷ್ಟೇ ಇರಬಹುದೆ? ಇರಬಹುದು, ಆದರೆ ಅಂಕಿಗಳೂ ಅದೇ ಕಡೆಗೆ ವಾಲುತ್ತವೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಮಾದರಿಯಲ್ಲಿ ಅತಿ ಜೋರಾದ ಸದ್ದಿಗೂ ತಳದಲ್ಲಿ ಉಳಿಯುವ ಸಣ್ಣ ಗದ್ದಲಕ್ಕೂ ನಡುವೆ ಸುಮಾರು 96 ಡೆಸಿಬೆಲ್ ಅಂತರವಿದೆ; ನಿಶ್ಶಬ್ದವೆನ್ನಿಸುವ ಕೋಣೆಯಲ್ಲೂ 30 ಡೆಸಿಬೆಲ್ ಆಸುಪಾಸಿನ ಸದ್ದು ಇರುವುದರಿಂದ, ಆ ಅಂತರವನ್ನು ಪೂರ್ತಿ ಬಳಸಿಕೊಳ್ಳಹೊರಟರೆ ಕಿವಿ ನೋಯುವಷ್ಟು ಜೋರಾಗಿ ನುಡಿಸಬೇಕಾಗುತ್ತದೆ. ಸರಿಯಾಗಿ ಕಟ್ಟಿದ ಅಗ್ಗದ ಡ್ಯಾಕ್‌ನ ವಿರೂಪ (ಮೂಲದಲ್ಲಿಲ್ಲದೆ ಸಾಧನವೇ ಸೇರಿಸುವ ಸದ್ದು) ಶೇ. 0.001ರ ಸುತ್ತಮುತ್ತ, ಅಂದರೆ ಸಂಗೀತಕ್ಕಿಂತ 100 ಡೆಸಿಬೆಲ್ ಕೆಳಗೆ ಇರುತ್ತದೆ. ಅದರ ಮುಂದೆ ಕೂತಿರುವ ಸ್ಪೀಕರ್ ಕೆಳಸ್ವರಗಳಲ್ಲಿ ಶೇ. 1ರಷ್ಟು ವಿರೂಪವನ್ನು ತಾನೇ ಸೇರಿಸುತ್ತದೆ. 2007ರಲ್ಲಿ ಪ್ರಕಟವಾದ ಮೇಯರ್ ಮತ್ತು ಮೊರಾನ್ ಎಂಬ ಸಂಶೋಧಕರ ಪ್ರಯೋಗದಲ್ಲಿ, ಹೆಚ್ಚು ವಿವರದ ಧ್ವನಿಮುದ್ರಣವನ್ನು ನೇರವಾಗಿ ಒಮ್ಮೆ, ಸಿಡಿ ಗುಣಮಟ್ಟದ ಪರಿವರ್ತನೆಯ ಮೂಲಕ ಹಾಯಿಸಿ ಒಮ್ಮೆ ಕೇಳಿಸಿದಾಗ, 554 ಸುತ್ತುಗಳಲ್ಲಿ ಸರಿಯುತ್ತರ ಬಂದದ್ದು ಶೇ. 49.8ರಷ್ಟು, ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಜೋಶುವಾ ರೀಸ್ ಎಂಬ ಸಂಶೋಧಕ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ ಅದು ಶೇ. 52.3ಕ್ಕೆ ಏರಿತು, ತರಬೇತಿ ಪಡೆದ ಕೇಳುಗರಲ್ಲಿ ಶೇ. 60ರ ಸಮೀಪಕ್ಕೆ. ಶೂನ್ಯವಲ್ಲ ಎಂಬುದನ್ನು ಒಪ್ಪಬೇಕು, ಆದರೆ ಜಾಹೀರಾತಿನವರು ಹೇಳುವ ‘ಮುಸುಕು ಸರಿದಂಥ’ ಅನುಭವಕ್ಕೂ ಈ ನೂಲೆಳೆಯ ಅಂತರಕ್ಕೂ ಸಂಬಂಧವಿಲ್ಲ.

ಸಂಕೇತದ ಕಾಲಗತಿಯಲ್ಲಿ ಉಂಟಾಗುವ ನಡುಕ, ಅಂದರೆ ಜಿಟ್ಟರ್, ಎಂಬ ಮಾತನ್ನು ದುಬಾರಿ ಪೆಟ್ಟಿಗೆಯ ಕರಪತ್ರ ಮೂರು ಕಡೆ ಎತ್ತುತ್ತದೆ. ಡ್ಯಾಕ್ ತನ್ನದೇ ಗಡಿಯಾರದಿಂದ ದತ್ತಾಂಶವನ್ನು ಎಳೆದುಕೊಳ್ಳುವ ಈಗಿನ ಯುಎಸ್‌ಬಿ ಪದ್ಧತಿಯಲ್ಲಿ ಅದು ಕೇಳುಗರ ಚಿಂತೆಯಾಗಿ ಉಳಿದಿಲ್ಲ.

ಒಂದು ವಿಷಯದಲ್ಲಿ ಮಾತ್ರ ದುಬಾರಿ ಪೆಟ್ಟಿಗೆ ನಿಚ್ಚಳವಾಗಿ ಬೇರೆಯಾಗಿ ಕೇಳಿಸಿತು. ಇದು ಪರಿವರ್ತಕ ಚಿಪ್‌ನ ಬದಲು ರೆಸಿಸ್ಟರ್‌ಗಳ ಏಣಿಯಿಂದ ಕೆಲಸ ಮಾಡುವ ಆರ್-2ಆರ್ ಜಾತಿಯದು, ಮತ್ತು ಇದರಲ್ಲಿ ಅಂಕಿಗಳ ನಡುವಿನ ಮೆಟ್ಟಿಲುಗಳನ್ನು ನಯಗೊಳಿಸುವ ಡಿಜಿಟಲ್ ಫಿಲ್ಟರನ್ನು ಪೂರ್ತಿ ಕಳಚಿಡುವ ಒಂದು ಗುಂಡಿಯಿದೆ. ಅದನ್ನು ಒತ್ತಿದಾಗ ನಾನು 16ರಲ್ಲಿ 14 ಸಲ ಸರಿಯಾಗಿ ಗುರುತಿಸಿದೆ. ಸಿಂಬಲ್‌ಗಳ ಹೊಳಪು ಅಡಗಿ, ಹಳೆಯ ಕ್ಯಾಸೆಟ್ಟಿನಂಥ ಒಂದು ಮೃದುತ್ವ ಬರುತ್ತದೆ. ಕಾರಣ ಸರಳ: ಈ ವಿಧಾನದಲ್ಲಿ ಸಿಡಿ ಮಾದರಿಯ ಕಡತಗಳ ಮೇಲುಸ್ವರಗಳು ಕುಗ್ಗುತ್ತವೆ, 10 ಕಿಲೋಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬೆಲ್, 20ರಲ್ಲಿ 3 ಡೆಸಿಬೆಲ್‌ಗೂ ಮಿಗಿಲು. ಒಂದು ಸಂಜೆ ಅದು ಹಿತವಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಟ್ರೆಬಲ್ ತಿರುಪನ್ನು ತುಸು ಇಳಿಸಿದರೆ ಬಹುಪಾಲು ಅದೇ ಹಿತ ಖರ್ಚಿಲ್ಲದೆ ದೊರೆಯುತ್ತದೆ.

ಹಾಗೆಂದು ಪ್ರತ್ಯೇಕ ಡ್ಯಾಕ್ ಎಲ್ಲರಿಗೂ ದಂಡವಲ್ಲ. ಕಂಪ್ಯೂಟರ್ ಮೂಲಕ ಆಂಪ್ಲಿಫೈಯರ್‌ಗೆ ಗುಂಯ್‌ಗುಟ್ಟುವ ಸದ್ದು ಹರಿದುಬರುತ್ತಿದ್ದರೆ, ಆಪ್ಟಿಕಲ್ ಕೇಬಲ್ ಸೇರಿಸಬಹುದಾದ ಸಾಧಾರಣ ಡ್ಯಾಕ್ ಅದನ್ನು ಬೇರುಸಹಿತ ಕೀಳುತ್ತದೆ, ಏಕೆಂದರೆ ಬೆಳಕು ಹರಿಯುವ ತಂತುವಿನಲ್ಲಿ ವಿದ್ಯುತ್ತಿಗೆ ದಾರಿಯಿಲ್ಲ. ಡಾಂಗಲ್‌ನ 1 ವೋಲ್ಟ್ ಕೆಲವು ಆಂಪ್ಲಿಫೈಯರ್‌ಗಳಿಗೆ ಸಾಲದೆ ವಾಲ್ಯೂಮ್ ತಿರುಪನ್ನು ಕೊನೆಯವರೆಗೆ ಏರಿಸಬೇಕಾಗುವುದೂ ನಿಜ.

ದುಬಾರಿ ಪೆಟ್ಟಿಗೆಯ ಕಟ್ಟೋಣಕ್ಕೆ ಪೂರ್ಣ ಅಂಕ. ಅದರ ತಿರುಪು ಬೆರಳಿಗೆ ಕೊಡುವ ಹಿಡಿತ ಸಾಧಾರಣದ್ದರಲ್ಲಿ ಖಂಡಿತ ಇಲ್ಲ. ವಾಪಸಾತಿಯ ಅವಧಿ ಮುಗಿಯುವ ಎರಡು ದಿನ ಮೊದಲು ಅದನ್ನು ಕಟ್ಟಿ ಕಳಿಸಿದೆ. ಸಾಧಾರಣ ಡ್ಯಾಕ್ ರಿಮೋಟ್ ಇದೆಯೆಂಬ ಕಾರಣಕ್ಕೆ ಕಪಾಟಿನಲ್ಲಿ ಉಳಿದುಕೊಂಡಿದೆ, ಮತ್ತು ಹಿಂತಿರುಗಿ ಬಂದ ಹಣದ ಒಂದು ಪಾಲು ಈಗ ಸ್ಪೀಕರ್‌ಗಳ ಹಿಂದಿನ ಬರಿಗೋಡೆಗೆ ದಪ್ಪನೆಯ ಸದ್ದುಹೀರುವ ಹಲಗೆಗಳಾಗಿ ಅಂಟಿಕೊಂಡಿದೆ. ಆ ಬದಲಾವಣೆಯನ್ನು ಗುರುತಿಸಲು ಮನೆಯಲ್ಲಿ ಯಾರಿಗೂ ಪರದೆ ಬೇಕಾಗಲಿಲ್ಲ.