ಬೆಳ್ಳುಳ್ಳಿ ಪುಡಿಯ ಮೇವುಪೂರಕ: ಎರಡು ವರ್ಷಗಳ ಬಳಕೆಯ ನಂತರ

ತಿಲಾಪಿಯಾ ಮೀನು ಸಾಕುವ ನನ್ನ ಚಿಕ್ಕ ಕೊಳದಲ್ಲಿ, ಮೇವಿನೊಂದಿಗೆ ಕೊಡುವ ಈ ಬೆಳ್ಳುಳ್ಳಿ ಪುಡಿಯನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಪೊಟ್ಟಣದ ಮೇಲೆ ಬರೆಯದೇ ಬಿಟ್ಟ ಒಂದು ಸಂಗತಿಯಿಂದಾಗಿ ನನ್ನ ಮೊದಲ ನಾಲ್ಕು ತಿಂಗಳು ವ್ಯರ್ಥವಾದವು.

‘ಮೇವಿಗೆ ಬೆರೆಸಿ ಕೊಡಿ’ ಎಂದಷ್ಟೇ ಅಲ್ಲಿದೆ. ಹಾಗೆಯೇ ಕೊಟ್ಟರೆ ಮೇವಿನ ಕಾಳು ನೀರಿಗೆ ಬಿದ್ದೊಡನೆ ಪುಡಿ ಕಳಚಿಕೊಂಡು ತೆಳುವಾಗಿ ತೇಲಿಹೋಗುತ್ತದೆ, ಮೀನಿನ ಹೊಟ್ಟೆಗೆ ಸೇರುವುದು ಬರಿಯ ಮೇವು.

ಈಗ ನಾನು ಅನುಸರಿಸುವ ಕ್ರಮ ಬೇರೆ. ಬೆಳ್ಳುಳ್ಳಿಯಲ್ಲಿರುವ ಅಲಿಯಿನ್ ಎಂಬ ವಸ್ತು ತೇವ ತಗುಲಿದಾಗ ಅಲ್ಲಿಯದೇ ಕಿಣ್ವದಿಂದ, ಘಾಟು ಕೊಡುವ ಮತ್ತು ರೋಗಾಣು ತಡೆಯುವ ಅಲಿಸಿನ್ ಆಗಿ ಬದಲಾಗುವುದರಿಂದ, ಕಿಲೋ ಮೇವಿಗೆ 10 ಗ್ರಾಂ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡುತ್ತೇನೆ. ಘಾಟು ಮೂಗಿಗೆ ಬಡಿದ ಮೇಲೆ ಅದನ್ನು ಕಾಳಿಗೆ ಸವರಿ, ಮೀನೆಣ್ಣೆಯ ತೆಳು ಲೇಪ ಕೊಟ್ಟು, ನೆರಳಿನಲ್ಲಿ ಅರ್ಧ ಗಂಟೆ ಹರಡುತ್ತೇನೆ. ಅಲಿಸಿನ್ ಬಿಸಿಗೆ ಬೇಗ ಕೆಡುವುದರಿಂದ ಬಿಸಿಲಿಗೆ ಇಡುವುದಿಲ್ಲ. ಮೊದಲ ಹಿಡಿ ಎರಚಿದಾಗ ಮೀನುಗಳು ಮೂಲೆ ಮೂಲೆಯಿಂದ ನುಗ್ಗಿ ಬರುವುದನ್ನು ನೋಡುವುದೇ ನನಗೆ ದಿನದ ಅತ್ಯಂತ ಪ್ರಿಯವಾದ ಹೊತ್ತು.

ಬಲೆ ಎಳೆದ ನಂತರ ಮೀನುಗಳ ಮೈಮೇಲೆ ಕಾಣಿಸುತ್ತಿದ್ದ ಕೆಂಪು ಹುಣ್ಣುಗಳು ಕಡಿಮೆಯಾಗಿವೆ. ಅಂಥ ಹುಣ್ಣುಗಳಿಗೆ ಕಾರಣವಾಗುವ ಏರೋಮೊನಾಸ್ ಬ್ಯಾಕ್ಟೀರಿಯಾವನ್ನು ಬೆಳ್ಳುಳ್ಳಿಯ ಸಾರ ತಡೆಯುತ್ತದೆಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಆದರೆ ಅದೇ ಅವಧಿಯಲ್ಲಿ ನಾನು ಮೀನಿನ ದಟ್ಟಣೆಯನ್ನೂ ತಗ್ಗಿಸಿದ್ದೆ, ಆದ್ದರಿಂದ ಪೂರ್ಣ ಶ್ರೇಯಸ್ಸನ್ನು ಪುಡಿಗೆ ಕೊಡಲಾರೆ. ಮೋಡ ಕವಿದ ಒಂದು ನಸುಕಿನಲ್ಲಿ ನೀರಿನ ಆಮ್ಲಜನಕ ಕುಸಿದು ಇದೇ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದಾಗ ಅವುಗಳನ್ನು ಉಳಿಸಿದ್ದು ನೀರಿಗೆ ಗಾಳಿ ಬೆರೆಸುವ ಯಂತ್ರವಾದ ಏರೇಟರ್.

ನನ್ನ ಅಸಮಾಧಾನ ಇನ್ನೂ ಒಂದಿದೆ. ಪೊಟ್ಟಣದಲ್ಲಿ ಅಲಿಸಿನ್ ಪ್ರಮಾಣದ ಉಲ್ಲೇಖವೇ ಇಲ್ಲ. ಕಳೆದ ಸಲ ಬಂದ ಪುಡಿ ನೆನೆಸಿದರೂ ಘಾಟು ಬರಲಿಲ್ಲ, ಬೆಲೆ ಮಾತ್ರ ಅಷ್ಟೇ ಇತ್ತು. ತಯಾರಕರಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ.

ಕೈಯಿಂದಲೇ ಮೇವು ಹಾಕುವ ಚಿಕ್ಕ ಕೊಳದವರಿಗೆ ಇದನ್ನು ಬಳಸಿ ಎಂದು ಧೈರ್ಯವಾಗಿ ಹೇಳುತ್ತೇನೆ. ದೊಡ್ಡ ಕೊಳದವರಿಗೆ ದಿನವೂ ಇಷ್ಟು ಕಲಸುವುದು ಆಗದ ಮಾತು. ಕೊಳ್ಳುವವರು ಮೊದಲು ಚಿಕ್ಕ ಪೊಟ್ಟಣ ತಂದು, ಒಂದು ಚಮಚ ನೆನೆಸಿ, ಮೂಸಿ ನೋಡಿ.