ಭುಜ ಕಳಚಿ ಆಪರೇಷನ್ ಆದವರಿಗೆ ಸ್ಟೆಬಿಲಿಟಿ ಬ್ರೇಸ್: ಪಟ್ಟಿ ಎಳೆಯುವ ದಿಕ್ಕಿನಲ್ಲೇ ಎಲ್ಲ ಇದೆ

ಭುಜ ಪದೇ ಪದೇ ಕಳಚಿ ಆಪರೇಷನ್ ಮಾಡಿಸಿಕೊಂಡ ರಗ್ಬಿ, ಕಬಡ್ಡಿ, ಕುಸ್ತಿ, ಜೂಡೊ ಆಟಗಾರರು ಮತ್ತೆ ಆಟಕ್ಕೆ ಇಳಿಯುವ ಹೊತ್ತಿಗೆ ಮೊದಲು ವಿಚಾರಿಸುವುದು ಭುಜದ ಬ್ರೇಸ್ ಬಗ್ಗೆ. ಅದು ಮಾಡುವ ಕೆಲಸ ಒಂದೇ. ಚೆಂಡು ಎಸೆಯಲು ಕೈ ಎತ್ತಿದಾಗ ತೋಳು ಪಕ್ಕಕ್ಕೆ ಏರಿ ಹಿಂದಕ್ಕೆ ತಿರುಗುತ್ತದಲ್ಲ, ಆ ಭಂಗಿಗೆ ಹೋಗದಂತೆ ಅದು ತೋಳನ್ನು ಹಿಡಿದಿಡುತ್ತದೆ. ಭುಜ ಮುಂದಕ್ಕೆ ಜಾರುವುದು ಬಹುಪಾಲು ಅದೇ ಭಂಗಿಯಲ್ಲಿ. ಸರಿಯಾಗಿ ಕಟ್ಟಿಕೊಂಡರೆ ಬ್ರೇಸ್ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಆಪರೇಷನ್‌ನಲ್ಲಿ ಹೊಲಿದ ಲೇಬ್ರಂ (ಭುಜದ ಕುಳಿಯ ಅಂಚಿನ ಮೆತ್ತನೆ ಉಂಗುರ) ಬೇಗ ಕೂಡಿಕೊಳ್ಳಲು ಅದರಿಂದ ಏನೂ ಸಹಾಯವಿಲ್ಲ.

ಬ್ರೇಸ್‌ಗಳಲ್ಲಿ ಎರಡು ಬಗೆ. ಒಂದು, ಸಲ್ಲಿ ಹೆಸರಿನಿಂದ ಪರಿಚಿತವಾದ ಬಗೆ: ಎದೆಯನ್ನೂ ಭುಜವನ್ನೂ ಸುತ್ತುವ ನಿಯೋಪ್ರೀನ್ (ರಬ್ಬರಿನಂಥ ಬಟ್ಟೆ) ಅಂಗಿ, ಅದರ ಮೇಲೆ ಬೇಕಾದ ಕಡೆ ಅಂಟಿಸಿಕೊಳ್ಳುವ ಎಲಾಸ್ಟಿಕ್ ಪಟ್ಟಿಗಳು. ಇನ್ನೊಂದು, ಡ್ಯೂಕ್ ವೈರ್ ಎಂದು ಕರೆಯುವ ಬಗೆ: ಎದೆಗೊಂದು ಕವಚ, ತೋಳಿಗೊಂದು ಪಟ್ಟಿ, ಎರಡನ್ನೂ ಸೇರಿಸುವ ಹಿಗ್ಗದ ಲೇಸು. ಎರಡನೆಯದು ತೋಳನ್ನು ಒಂದು ಮಿತಿಯಲ್ಲಿ ಥಟ್ಟನೆ ನಿಲ್ಲಿಸುತ್ತದೆ. ಮೊದಲನೆಯದು ಮೆಲ್ಲಗೆ ಎಳೆದು ಹಿಡಿಯುತ್ತದೆ, ಆದರೆ ಜೋರಾಗಿ ಎಳೆದರೆ ಹಿಗ್ಗುತ್ತದೆ. ಕೈಯನ್ನು ತಲೆಯ ಮೇಲಕ್ಕೆ ಎತ್ತಲೇಬೇಕಾದವರಿಗೆ ಎರಡನೆಯದು ಉಪಯೋಗವಿಲ್ಲ. ಡಿಕ್ಕಿ ಹೊಡೆಯುವುದು, ತಳ್ಳುವುದೇ ಹೆಚ್ಚಾಗಿರುವವರಿಗೆ ಅದೇ ಮೇಲು.

ಎಲಾಸ್ಟಿಕ್ ಬಗೆಯಲ್ಲಿ ಹೆಚ್ಚಿನವರು ಎಡವುವುದು ಪಟ್ಟಿಯ ದಿಕ್ಕಿನಲ್ಲಿ. ಭುಜ ಮುಂದಕ್ಕೆ ಜಾರುತ್ತಿದ್ದವರು ಮೊಣಕೈಯನ್ನು 90 ಡಿಗ್ರಿ ಮಡಚಿ ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಳ್ಳಬೇಕು. ಪಟ್ಟಿಯ ತುದಿಯನ್ನು ತೋಳಿನ ಹೊರಬದಿಗೆ ಅಂಟಿಸಿ, ತೋಳಿನ ಮುಂಭಾಗದ ಮೇಲಿಂದ ತಂದು, ಎದೆಗೆ ಅಡ್ಡಲಾಗಿ ಎಳೆದು ಆಚೆ ಬದಿಯಲ್ಲಿ ಕೂರಿಸಬೇಕು. ಹೀಗೆ ಕಟ್ಟಿದಾಗ ಪಟ್ಟಿಯ ಎಳೆತ ತೋಳನ್ನು ಒಳಕ್ಕೆ ತಿರುಗಿಸುತ್ತದೆ. ಅದೇ ಪಟ್ಟಿಯನ್ನು ತೋಳಿನ ಹಿಂಬದಿಯಿಂದ ಬೆನ್ನಿನ ಕಡೆಗೆ ಎಳೆದರೆ ತೋಳು ಹೊರಕ್ಕೆ ತಿರುಗುತ್ತದೆ. ಅಂದರೆ ಯಾವುದನ್ನು ತಡೆಯಬೇಕೋ ಅದಕ್ಕೇ ನೂಕಿದಂತಾಗುತ್ತದೆ.

ಭುಜ ಹಿಂದಕ್ಕೆ ಜಾರಿ ಆಪರೇಷನ್ ಆದವರು ಇಲ್ಲಿ ತುಂಬಾ ಎಚ್ಚರ ವಹಿಸಬೇಕು. ಅವರಿಗೆ ಅಪಾಯದ ಭಂಗಿಯೇ ಬೇರೆ: ತೋಳು ಮುಂದಕ್ಕೆ ಚಾಚಿ, ಒಳಕ್ಕೆ ತಿರುಗಿ, ಎದುರಿನಿಂದ ತಳ್ಳು ಬೀಳುವುದು. ಮೇಲೆ ಹೇಳಿದ ಕಟ್ಟು ತೋಳನ್ನು ಅದೇ ದಿಕ್ಕಿಗೆ ಎಳೆಯುತ್ತದೆ. ಡಬ್ಬಿಯ ಮೇಲಿನ ಚಿತ್ರ ನೋಡಿ ಕಟ್ಟಿಕೊಳ್ಳುವ ಬದಲು, ತಮಗೆ ಯಾವ ದಿಕ್ಕಿನ ಆಪರೇಷನ್ ಆಗಿದೆ ಎಂದು ತಿಳಿದ ಫಿಸಿಯೊ ಕೈಯಿಂದಲೇ ಮೊದಲ ಸಲ ಕಟ್ಟಿಸಿಕೊಳ್ಳಿ.

ಸೈಜ್‌ಗೆ ಎದೆಯ ಸುತ್ತಳತೆಯನ್ನು ಉಸಿರು ಬಿಟ್ಟ ಮೇಲೆ ತೆಗೆಯಿರಿ, ತೋಳಿನ ಅಳತೆಯನ್ನು ಕಂಕುಳು ಮತ್ತು ಮೊಣಕೈ ನಡುವೆ. ಎರಡು ಸೈಜ್‌ಗಳ ನಡುವೆ ಬಂದರೆ ಚಿಕ್ಕದೇ ಸರಿ, ನಿಯೋಪ್ರೀನ್ ಬಳಸುತ್ತ ಸಡಿಲವಾಗುತ್ತದೆ. ಹಾಗೆಂದು ಕಂಕುಳಲ್ಲಿ ಅಂಚು ಒತ್ತಬಾರದು. ಬೆರಳು ಜುಮ್ಮೆನ್ನುವುದು, ತಣ್ಣಗಾಗುವುದು, ಊದಿಕೊಳ್ಳುವುದು ಕಂಡರೆ ತಕ್ಷಣ ಸಡಿಲಿಸಿ.

ಕಟ್ಟಿದ ಮೇಲೆ ಪರೀಕ್ಷೆ ಹೀಗೆ: ಇನ್ನೊಬ್ಬರು ತೋಳನ್ನು ನಿಧಾನವಾಗಿ ಮೇಲಕ್ಕೆ, ಹಿಂದಕ್ಕೆ ತರಲಿ. ‘ಈಗ ಜಾರೀತು’ ಎಂಬ ಅಳುಕು ಬರುವುದಕ್ಕೆ ಮುಂಚೆಯೇ ಪಟ್ಟಿ ತಡೆಯಬೇಕು. ಇದನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಒಮ್ಮೆ ಮಾಡಿ ಮುಗಿಸುವಂತಿಲ್ಲ. ಬೆವರಿ, ಓಡಿ, ಡಿಕ್ಕಿ ಹೊಡೆದ ಮೇಲೆ ಬ್ರೇಸ್ ಮೊದಲು ಇಟ್ಟ ಮಿತಿಗಿಂತ ಹೆಚ್ಚು ಚಲನೆಗೆ ಬಿಡುತ್ತದೆ, ಎರಡೂ ಬಗೆಗಳಲ್ಲಿ. 15–20 ನಿಮಿಷದ ಅಭ್ಯಾಸದ ಬಳಿಕ ಮತ್ತೆ ನೋಡಿ, ಬಿಗಿ ಮಾಡಿ. ವಿರಾಮದಲ್ಲೂ ಅಷ್ಟೇ.

ಯಾರು ಕೊಳ್ಳಬಾರದು? ಬ್ರೇಸ್ ಇದೆಯಲ್ಲ ಎಂದು ತಿಂಗಳು ಮುಂಚೆ ಆಡಲು ಹೊರಟವರು. ಹರಿದ ಲೇಬ್ರಂ ಹೊಲಿಯುವ ಬ್ಯಾಂಕಾರ್ಟ್ ಆಪರೇಷನ್ ನಂತರ ಮೈಗೆ ಮೈ ತಾಗುವ ಆಟಕ್ಕೆ ಸಾಮಾನ್ಯವಾಗಿ ಸುಮಾರು 6 ತಿಂಗಳು ಬೇಕು. ಲಾಟರ್ಜೆ ಎಂಬ ಇನ್ನೊಂದು ಆಪರೇಷನ್‌ನಲ್ಲಿ ಮೂಳೆಯ ತುಂಡನ್ನು ಸ್ಕ್ರೂ ಹಾಕಿ ಕೂರಿಸಿರುವುದರಿಂದ ಆ ಮೂಳೆ ಕೂಡಿದೆ ಎಂದು ಸರ್ಜನ್ ಖಚಿತಪಡಿಸಬೇಕು. ತಿಂಗಳ ಲೆಕ್ಕವೊಂದೇ ಸಾಲದು. ತೋಳನ್ನು ಒಳಕ್ಕೂ ಹೊರಕ್ಕೂ ತಿರುಗಿಸುವ ಬಲ ಡೈನಮೋಮೀಟರ್‌ನಲ್ಲಿ (ಬಲ ಅಳೆಯುವ ಸಾಧನ) ಇನ್ನೊಂದು ಕೈಯ ಬಲದ 90%ಕ್ಕಾದರೂ ಮುಟ್ಟಿರಬೇಕು, ತೋಳು ಮೈಗಂಟಿದಾಗಲೂ, 90 ಡಿಗ್ರಿ ಎತ್ತಿದಾಗಲೂ. ಪುಷ್‌ಅಪ್ ಭಂಗಿಯಲ್ಲಿ 91 ಸೆಂ.ಮೀ. ಅಂತರದ ಎರಡು ಗೆರೆಗಳ ಮೇಲೆ ಕೈಯಿಟ್ಟು, ಒಂದರ ನಂತರ ಒಂದು ಕೈಯಿಂದ ಆಚೆ ಗೆರೆ ಮುಟ್ಟುವ ಪರೀಕ್ಷೆಯೂ ಇದೆ. 15 ಸೆಕೆಂಡಿನಲ್ಲಿ 21 ಸಲ ಮುಟ್ಟುವುದು ಅದರಲ್ಲಿ ಹೆಚ್ಚಾಗಿ ಬಳಸುವ ಗುರಿ. ಇವೆಲ್ಲ ಬ್ರೇಸ್ ಇಲ್ಲದೆ ಪಾಸಾಗಬೇಕು. ಆಮೇಲೆ ಬ್ರೇಸ್ ಹಾಕಿ ಮೊದಲು ಡಿಕ್ಕಿ ಅಭ್ಯಾಸದ ಬ್ಯಾಗ್‌ಗೆ, ಬಳಿಕ ಮಂಡಿಯೂರಿದ ಎದುರಾಳಿಗೆ, ನಂತರ ನಡೆದು ಬರುವವರಿಗೆ, ಕೊನೆಗೆ ಪೂರ್ಣ ವೇಗದಲ್ಲಿ ಭುಜ ಕೊಡುತ್ತ ಹೋಗುವುದು.

ಬ್ರೇಸ್ ಆಟವನ್ನೂ ಬದಲಿಸುತ್ತದೆ, ಇದನ್ನು ಮಾರುವವರು ಹೇಳುವುದಿಲ್ಲ. ತೋಳು ಅಗಲವಾಗಿ ಚಾಚದ ಕಾರಣ ಎದುರಾಳಿಯನ್ನು ಹಿಡಿಯಲು ಒಂದು ಹೆಜ್ಜೆ ಹೆಚ್ಚು ಹತ್ತಿರ ಹೋಗಬೇಕು. ಆ ಹೆಜ್ಜೆ ತಪ್ಪಿದರೆ ತಲೆ ಎದುರಾಳಿಯ ತಪ್ಪು ಬದಿಗೆ ಸಿಕ್ಕಿ ಪೆಟ್ಟು ಕುತ್ತಿಗೆಗೆ ಬೀಳುತ್ತದೆ. ಬೀಳುವಾಗ ಕೈಯೂರಲು ಆಗದು, ಹಾಗಾಗಿ ಬೆನ್ನಿನ ಮೇಲೆ ಉರುಳುವುದನ್ನು ಬ್ರೇಸ್ ಹಾಕಿಯೇ ಕಲಿಯಬೇಕು. ನಿಯಮವನ್ನೂ ಮೊದಲೇ ನೋಡಿಕೊಳ್ಳಿ: ರಗ್ಬಿಯಲ್ಲಿ ಭುಜದ ಪ್ಯಾಡ್ ಮೆತ್ತಗಿರಬೇಕು, ಒತ್ತದಿರುವಾಗ 1 ಸೆಂ.ಮೀ.ಗಿಂತ ದಪ್ಪ ಇರಬಾರದು. ಲೋಹದ ಬಕಲ್, ಗಟ್ಟಿ ಪ್ಲಾಸ್ಟಿಕ್ ಇರುವುದನ್ನು ಕೊಂಡು ರೆಫರಿ ಮುಂದೆ ಪೇಚಾಡಬೇಡಿ.

ಒಗೆಯುವುದು ತಣ್ಣೀರಿನಲ್ಲಿ, ಕೈಯಿಂದ, ಸೌಮ್ಯ ಸೋಪಿನಲ್ಲಿ. ಒಣಗಿಸುವುದು ನೆರಳಲ್ಲಿ. ವೆಲ್ಕ್ರೊಗಳನ್ನೆಲ್ಲ ಮುಚ್ಚಿಯೇ ನೆನೆಸಿ, ಇಲ್ಲದಿದ್ದರೆ ಕೊಕ್ಕೆಗಳಲ್ಲಿ ನೂಲು ತುಂಬಿಕೊಂಡು ಹಿಡಿತ ಹೋಗುತ್ತದೆ. ತುಂಬಿದ ನೂಲನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬಹುದು. ಅಷ್ಟಾದರೂ ಎಳೆದಾಗ ಪಟ್ಟಿ ಪರ್ ಎಂದು ಬಿಟ್ಟುಕೊಂಡರೆ ಅದನ್ನು ಇನ್ನು ಅಭ್ಯಾಸಕ್ಕೂ ಹಾಕಬೇಡಿ, ಹೊಸ ಪಟ್ಟಿ ತರಿಸಿ.